ಜರಡಿ ಚೀಲದ ಇರುವೆ

ಇರುವೆ ಮೇಷ್ಟ್ರ ಬೆನ್ನು ಬಗ್ಗಿದ್ದು ವಿನಯದಿಂದಲ್ಲ, ಇಪ್ಪತ್ತೆರಡು ವರ್ಷ ಕಾಡಿನ ತರಗೆಲೆ ಕೆದಕಿ ಕೆದಕಿ. ಕಾಲೇಜಿನಲ್ಲಿ ಪಾಠ ಮುಗಿಸಿ ಅವರು ಬೆನ್ನು ಹತ್ತುತ್ತಿದ್ದುದು ರವೆಕಾಳಿನಷ್ಟಿರುವ ಒಂದು ಕಂದು ಇರುವೆಯನ್ನು. ಮುಟ್ಟಿದರೆ ಸತ್ತಂತೆ ಮುದುಡಿಕೊಳ್ಳುವ ನಾಟಕದ ಇರುವೆ. ಕಾಡಿನ ತರಗೆಲೆ ಬಿಟ್ಟು ಬೇರೆಲ್ಲೂ ಅದು ಯಾರಿಗೂ ಸಿಕ್ಕಿರಲಿಲ್ಲ. ಕಳೆದ ತಿಂಗಳು ಪಕ್ಕದ ರಬ್ಬರ್ ತೋಟದಲ್ಲಿ ಮೇಷ್ಟ್ರಿಗೆ ಸಿಕ್ಕಿಬಿಟ್ಟಿತು! ಒಂದಲ್ಲ, ನಾಲ್ಕು. ಅಂದಿನಿಂದ ಅವರ ಕಾಲು ನೆಲದ ಮೇಲಿರಲಿಲ್ಲ. ಕನ್ನಡಿ ಮುಂದೆ ನಿಂತು ಭಾಷಣ ಕೂಡ ಮಾಡಿ ನೋಡಿದ್ದರು, ಚಪ್ಪಾಳೆಗೆ ಜಾಗ ಬಿಟ್ಟು.

ಅವರಿಗಿಂತ ಹೆಚ್ಚು ಕುಣಿದವನು ತೋಟದ ಮ್ಯಾನೇಜರು. ತೋಟಕ್ಕೂ ಹೊಳೆಗೂ ನಡುವೆ ಉಳಿದಿದ್ದ ಕಾಡಿನ ಪಟ್ಟಿ ಕಡಿದು ರಬ್ಬರ್ ಹಾಕಬೇಕೆಂಬುದು ಅವನ ಬಹಳ ದಿನದ ಆಸೆ. ಅಡ್ಡ ನಿಂತಿದ್ದು ಈ ಇರುವೆಯೇ; ಬೇರೆಲ್ಲೂ ಬದುಕದ ಜೀವಿಯೆಂದು ಅರಣ್ಯ ಇಲಾಖೆ ಕಡಿಯಲು ಬಿಟ್ಟಿರಲಿಲ್ಲ. "ನಮ್ ತೋಟದಲ್ಲೂ ಬದುಕುತ್ತೆ ಅಂದ್ಮೇಲೆ ಕಾಡು ಯಾಕೆ ಸಾರ್?" ಎನ್ನುತ್ತಿದ್ದ. ಸೋಮವಾರ ಇಲಾಖೆ ಕರೆದಿದ್ದ ಸಭೆಯಲ್ಲಿ ಮೇಷ್ಟ್ರು ವರದಿ ಓದಿದರೆ ಮುಗಿಯಿತು, ಮರಗಳಿಗೆ ಗರಗಸ. ಮೇಷ್ಟ್ರಿಗೆ ಸಂಕಟವಾಗಲಿಲ್ಲವೆಂದಲ್ಲ, ಹೆಮ್ಮೆಯ ಗದ್ದಲದಲ್ಲಿ ಅದು ಕೇಳಿಸಲಿಲ್ಲ.

ಭಾನುವಾರ ಬೆಳಿಗ್ಗೆ ಹೆಂಡತಿ ಕಿಟಕಿ ಬಳಿ ಕೂತು ಅವರ ಜರಡಿ ಚೀಲದ ಹರಿದ ಅಂಚು ಬಿಚ್ಚುತ್ತಿದ್ದಳು. ತರಗೆಲೆ ತುಂಬಿ ಅಲುಗಿಸಿದರೆ ಮಣ್ಣು, ಪುಡಿ, ಇರುವೆಗಳು ಜರಡಿಯಿಂದ ತಳಕ್ಕಿಳಿಯುವ ಬಟ್ಟೆ ಚೀಲ ಅದು.

"ರೀ, ಸ್ವಲ್ಪ ಬನ್ನಿ ಇಲ್ಲಿ. ಈ ಹೊಲಿಗೆ ಮಡಿಕೆಯೊಳಗೆ ಏನೋ ಕೂತಿದೆ."

ಮೇಷ್ಟ್ರು ಭೂತಗನ್ನಡಿ ಹಿಡಿದರು. ಕಾಡಿನ ಕಪ್ಪು ಮಣ್ಣು, ಅದರೊಳಗೆ ಮುದುಡಿಕೊಂಡೇ ಒಣಗಿದ ಅದೇ ಇರುವೆಗಳು. ಆರು.

"ಆವತ್ತು ತೋಟಕ್ಕೆ ಹೋಗೋ ಮುಂಚೆ ಇದನ್ನ ಎಲ್ಲಿ ಆಡಿಸಿದ್ರಿ?"

"ಬೆಳಿಗ್ಗೆ... ಕಾಡಲ್ಲಿ."

"ಮಧ್ಯೆ ತಿರುವಿ ಒದರಿದ್ರಾ?"

ಚೀಲದ ಒಳಗನ್ನು ಹೊರಗೆ ಮಾಡಿ ಒದರಿ, ಹೊಲಿಗೆಯನ್ನು ಬ್ರಷ್‌ನಲ್ಲಿ ಉಜ್ಜದೆ ಜಾಗ ಬದಲಿಸಬಾರದೆಂದು ವರ್ಷವರ್ಷವೂ ವಿದ್ಯಾರ್ಥಿಗಳ ತಲೆ ತಿಂದವರು ಇದೇ ಮೇಷ್ಟ್ರು. ಅಂದು ಹೊಟ್ಟೆ ತಾಳ ಹಾಕುತ್ತಿತ್ತು. ಎರಡು ಸಲ ಕೊಡವಿದ ಶಾಸ್ತ್ರ ಮಾಡಿ ಊಟಕ್ಕೆಂದು ಜೀಪು ಹತ್ತಿದ್ದರು, ಉಂಡು ಅದೇ ಚೀಲ ಹಿಡಿದು ತೋಟಕ್ಕಿಳಿದಿದ್ದರು.

"ಯಾರಿಗೂ ಗೊತ್ತಾಗಲ್ಲ ಬಿಡು," ಎಂದು ಬಾಯಿಂದ ಬಂದೇಬಿಟ್ಟಿತು.

"ನನಗೆ ಗೊತ್ತಾಯ್ತಲ್ಲ," ಎಂದು ಅವಳು ಸೂಜಿಗೆ ದಾರ ಪೋಣಿಸಿದಳು.

ಮೇಷ್ಟ್ರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹೊಸ ಚೀಲ ಹಿಡಿದು ತೋಟಕ್ಕೆ ಓಡಿದರು. ಸಂಜೆಯವರೆಗೆ ನಲವತ್ತು ಕಡೆ ತರಗೆಲೆ ಜರಡಿ ಹಿಡಿದರು. ಕಾಡು ಉಳಿಯಬೇಕೆಂದು ಬಾಯಲ್ಲಿ ಹೇಳಿಕೊಳ್ಳುತ್ತಾ, ಒಂದಾದರೂ ಇರುವೆ ಸಿಗಲಪ್ಪಾ ಎಂದು ಮನಸ್ಸಿನಲ್ಲಿ ಬೇಡಿಕೊಂಡರು, ನಾಚಿಕೆಗೆಟ್ಟವರು. ಸಿಕ್ಕಿದ್ದು ಸೊಳ್ಳೆ ಕಡಿತ ಮಾತ್ರ.

ಸೋಮವಾರ ಸಭೆಯಲ್ಲಿ ಎಲ್ಲವನ್ನೂ ಹೇಳಿದರು. ಚೀಲವನ್ನು ಎತ್ತಿ ತೋರಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅರಣ್ಯ ಇಲಾಖೆಯ ಅಧಿಕಾರಿ ಕಾಡಿನ ಪಟ್ಟಿ ಮುಟ್ಟುವಂತಿಲ್ಲವೆಂದು ಬರೆದುಕೊಂಡರು. ಮ್ಯಾನೇಜರನ ಮುಖ ಕೆಂಪಾಯಿತು.

"ಹಾಗಾದ್ರೆ ಇಪ್ಪತ್ತೆರಡು ವರ್ಷ ಕೆದಕಿ ನಮ್ ತೋಟದಲ್ಲಿ ನೀವು ಕಂಡುಹಿಡಿದಿದ್ದೇನು ಸಾರ್?"

"ಕಂಡುಹಿಡಿದಿದ್ದು ನನ್ ಹೆಂಡ್ತಿ," ಎಂದರು ಮೇಷ್ಟ್ರು. "ನಾನು ಇರುವೇನ ಹೊತ್ಕೊಂಡು ಹೋಗಿದ್ದೆ, ಅಷ್ಟೇ."