ಹೊಟ್ಟೆ ತಟ್ಟುವ ಆಟ

ನಮ್ಮ ಬೇಕರಿಯಲ್ಲಿ ಇರುವುದು ಒಂದೇ ಕಾನೂನು. ಕೇಕು ಬೇಯುವಾಗ ಓವನ್ ಬಾಗಿಲು ತೆಗೆಯಕೂಡದು. ತೆಗೆದರೆ ತಣ್ಣನೆ ಗಾಳಿ ನುಗ್ಗಿ, ಉಬ್ಬುತ್ತಿದ್ದ ಕೇಕು ನಡುವೆ ಕುಸಿದು ಕೂರುತ್ತದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಒಮ್ಮೆ ಹೊಸ ಕೆಲಸದವನು ಇಣುಕಿ ನೋಡಿದ್ದಕ್ಕೆ ನಾನು ಕೂಗಾಡಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತ್ತಂತೆ. ಮಗಳು ನಡೆಯಲು ಕಲಿತಾಗಿನಿಂದ ಈ ಕೂಗು ಕೇಳಿಕೊಂಡೇ ಬೆಳೆದವಳು.

ಹೆಂಡತಿಯನ್ನು ಆಸ್ಪತ್ರೆಯಿಂದ ಕರೆತಂದ ಮೇಲೆ, ಮಗಳಿಗೆ ವಿಷಯ ಹೇಳುವ ಕೆಲಸ ನನ್ನ ತಲೆಗೆ ಬಂತು. ಹೊಟ್ಟೆಯಲ್ಲಿದ್ದ ಮಗು ಇನ್ನಿಲ್ಲ ಎಂದು ಐದು ವರ್ಷದವಳಿಗೆ ಹೇಗೆ ಹೇಳುವುದು? "ದೇವರು ವಾಪಸ್ ಕರ್ಕೊಂಡ ಅಂದ್ಬಿಡಿ" ಎಂದರು ಅತ್ತೆ. ಹಾಗೆಂದರೆ ದೇವರ ಜೊತೆಗೇ ಜಗಳಕ್ಕೆ ನಿಲ್ಲುವ ಹುಡುಗಿ ಅವಳು. ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನನಗೆ ಬರುವುದು ಒಂದೇ ವಿದ್ಯೆ. ಕೆಳಗಿನ ಬೇಕರಿಗೆ ಮಗಳನ್ನು ಕರೆದೊಯ್ದು, ಹಿಟ್ಟು ನಾದುವ ಮೇಜಿನ ಪಕ್ಕ ಸ್ಟೂಲಿನ ಮೇಲೆ ಕೂರಿಸಿದೆ.

"ಗುಂಡಮ್ಮಾ, ಒಂದೊಂದ್ಸಲ ಕೇಕು ಉಬ್ಬೋದೇ ಇಲ್ಲ, ಅಲ್ವಾ? ನಮ್ಮ ಪಾಪುನೂ ಹಾಗೇ. ಬೆಳೀಲಿಲ್ಲ. ಇನ್ನು ಬರಲ್ಲ."

ಅವಳು ಬೆರಳಿಗಂಟಿದ ಮೈದಾ ನೋಡಿಕೊಂಡು "ಸರಿ" ಎಂದಳು. ಅಳಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಭೇಷ್ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಂದಿನಿಂದ ಅವಳು ಅಮ್ಮನ ಹತ್ತಿರ ಸುಳಿಯಲಿಲ್ಲ. ಮೊದಲೆಲ್ಲ ಶಾಲೆಯಿಂದ ಬಂದವಳೇ ಬ್ಯಾಗು ಎಸೆದು, ಅಮ್ಮನ ಹೊಟ್ಟೆಯ ಮೇಲೆ ಬೆರಳಿಂದ ಟಕಟಕ ತಟ್ಟಿ, "ಪಾಪೂ, ಬೇಗ ಬಾ" ಎನ್ನುತ್ತಿದ್ದಳು. ಅಮ್ಮ ಕೀಚಲು ದನಿ ಮಾಡಿ "ಯಾರದು?" ಎನ್ನುತ್ತಿದ್ದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಈಗ ಕೋಣೆಯ ಬಾಗಿಲವರೆಗೆ ಬರುತ್ತಾಳೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ, ಹೊರಟುಹೋಗುತ್ತಾಳೆ. ಮಲಗುವುದೂ ಅಜ್ಜಿಯ ಪಕ್ಕ.

"ನಾನು ಅವಳಿಗೆ ಬೇಡವಾಗಿದೀನಿ ಕಣ್ರೀ" ಎಂದಳು ಹೆಂಡತಿ. "ಒಂದನ್ನ ಕಳ್ಕೊಂಡೆ. ಇವಳೂ ದೂರ ಆದ್ರೆ ನಾನೇನ್ ಮಾಡ್ಲಿ? ನೀವೇನ್ ಹೇಳಿದ್ರಿ ಅವಳಿಗೆ?"

ಹೇಳಿದ್ದನ್ನೇ ಹೇಳಿದೆ. ಅದರಲ್ಲಿ ತಪ್ಪೇನಿದೆಯೆಂದು ಅವಳಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಮಗಳಿಗೆ ಕೋಪವೋ, ಭಯವೋ, ಅಥವಾ ಏನೂ ಅರ್ಥವೇ ಆಗಿಲ್ಲವೋ? ಕೇಳಿದರೆ "ಏನಿಲ್ಲ" ಎನ್ನುತ್ತಾಳೆ. ತಲೆಯೆಲ್ಲ ಕಲಸುಮೇಲೋಗರ. ಹಿಟ್ಟಿಗೆ ಉಪ್ಪು ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದೆ. ಗಿರಾಕಿಗಳು ಬನ್ನು ವಾಪಸ್ ತಂದುಕೊಟ್ಟು, "ಸಮುದ್ರದ ನೀರಲ್ಲಿ ಕಲಸಿದ್ರಾ?" ಎಂದರು.

ಭಾನುವಾರ ಬೆಳಿಗ್ಗೆ ಯಾರದೋ ಹುಟ್ಟುಹಬ್ಬದ ಕೇಕು ಓವನ್ನಿನಲ್ಲಿತ್ತು. ಮಗಳು ಮೇಜಿನ ಕೆಳಗೆ ಕೂತು ಖಾಲಿ ಡಬ್ಬಿಗಳನ್ನು ಜೋಡಿಸುತ್ತಿದ್ದಳು. ನಾನು ಎಲ್ಲೋ ಯೋಚಿಸುತ್ತಾ ಓವನ್ ಬಾಗಿಲಿನ ಹಿಡಿಗೆ ಕೈ ಹಾಕಿದೆ.

"ತೆಗೀಬೇಡ ಅಪ್ಪಾ! ಸತ್ತೋಗತ್ತೆ!"

ಡಬ್ಬಿಗಳು ಉರುಳಿದವು. ಅವಳು ನನ್ನ ಕಾಲು ಹಿಡಿದು ಜಗ್ಗುತ್ತಿದ್ದಳು. ಕೈ ಬಿಟ್ಟು ಕುಕ್ಕರಗಾಲಲ್ಲಿ ಕೂತೆ.

"ಏನು ಸತ್ತೋಗತ್ತೆ?"

"ನಾನು ದಿನಾ ಅಮ್ಮನ ಹೊಟ್ಟೆ ಬಾಗಿಲು ತಟ್ಟಿದೆ. ಬೇಗ ಬಾ ಅಂದೆ. ಅದಕ್ಕೇ ಪಾಪು ಉಬ್ಬಲಿಲ್ಲ." ದನಿ ತಗ್ಗಿಸಿದಳು. "ಅಮ್ಮಂಗೆ ಹೇಳ್ಬೇಡ. ಇನ್ಮೇಲೆ ಅಮ್ಮನ್ನ ಮುಟ್ಟಲ್ಲ."

ಕೇಕಿನ ಕಥೆ ಹೇಳಿ ಜಾಣನಾಗಲು ಹೋದವನು ನಾನೇ. ಮೈದಾ ಕೈಯಲ್ಲೇ ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದೆ. ಮಂಚದ ಪಕ್ಕ ಇಳಿಸಿ, ಹೆಂಡತಿಯ ಎದುರಿಗೇ ಹೇಳಿದೆ.

"ಪಾಪು ಕೇಕಲ್ಲ ಕಣೇ. ಅಪ್ಪ ದಡ್ಡ, ಏನೇನೋ ಹೇಳ್ಬಿಟ್ಟ. ಪಾಪು ಹೊಟ್ಟೆ ಒಳಗೇ ಸತ್ತೋಯ್ತು. ನೀನು ತಟ್ಟಿದ್ದಕ್ಕಲ್ಲ. ಬೇಗ ಬಾ ಅಂದಿದ್ದಕ್ಕಲ್ಲ. ಯಾರೂ ಏನೂ ಮಾಡಿಲ್ಲ."

"ಮತ್ಯಾಕೆ?"

"ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ."

ಓವನ್ನಿನ ಬಗ್ಗೆ ಏನು ಕೇಳಿದರೂ ಉತ್ತರ ಕೊಡುವ ಅಪ್ಪನನ್ನು ಅವಳು ನಂಬಲಾಗದೆ ನೋಡಿದಳು. ಹೆಂಡತಿಗೆ ಈಗ ಎಲ್ಲ ತಿಳಿಯಿತು. ಎದ್ದು ಕೂತು, ಬೆನ್ನ ಹಿಂದಿದ್ದ ಆ ಪುಟ್ಟ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು.

"ತಟ್ಟು."

ಮಗಳು ಒಂದೇ ಬೆರಳಿಂದ, ಮುಟ್ಟಿಯೂ ಮುಟ್ಟದ ಹಾಗೆ ತಟ್ಟಿದಳು. ಹೆಂಡತಿ ಕೀಚಲು ದನಿಗೆ ಪ್ರಯತ್ನಿಸಿದಳು, ಬರಲಿಲ್ಲ. ತನ್ನ ದನಿಯಲ್ಲೇ ಕೇಳಿದಳು, "ಯಾರದು?"

"ನಾನು. ಒಳಗೆ ಯಾರೂ ಇಲ್ವಾ?"

"ಯಾರೂ ಇಲ್ಲ ಚಿನ್ನ. ಆದ್ರೆ ನಾನಿದೀನಲ್ಲ."

ಆಗ ಅತ್ತಳು ನಮ್ಮ ಗುಂಡಮ್ಮ, ಅಷ್ಟು ದಿನದ್ದನ್ನೂ ಸೇರಿಸಿ, ಅಮ್ಮನ ಕುತ್ತಿಗೆಗೆ ಜೋತುಬಿದ್ದು. ಕೆಳಗಿನಿಂದ ಕೇಕು ಸೀಯುವ ವಾಸನೆ ಬರುತ್ತಿತ್ತು. ಸೀಯಲಿ ಎಂದುಕೊಂಡು ನಾನೂ ಮಂಚದ ಅಂಚಿನಲ್ಲಿ ಕೂತೆ.