ಬಿಳಿ ಲಂಗದ ಹಿಂದೆ ಹೋದ ಬೆಳಕು

ನಮ್ಮ ಊರಿನ ಕಲಾ ಉತ್ಸವ ಮುಗಿದ ಮರುವಾರ ಒಂದು ಸಭೆ ಸೇರುತ್ತದೆ. ಅದಕ್ಕೆ 'ಹಿನ್ನೋಟ' ಎಂದು ಹೆಸರು. ರಂಗಮಂದಿರದ ಮಹಡಿಯ ಕೋಣೆಯಲ್ಲಿ ಪರದೆ ಬಿಟ್ಟು ಉತ್ಸವದ ವಿಡಿಯೋ ಹಾಕುತ್ತಾರೆ. ಕುರ್ಚಿ ಹಾಕಿದವರಿಂದ ಹಿಡಿದು ಕುಣಿದವರ ತನಕ ಎಲ್ಲರೂ ಕುಳಿತು, ಯಾರು ಎಲ್ಲಿ ಎಡವಿದರು ಎಂದು ನೋಡುತ್ತಾರೆ. ಬೈಸಿಕೊಳ್ಳುವವರು ಬೈಸಿಕೊಂಡು, ನಗುವವರು ನಕ್ಕು, ಟೀ ಕುಡಿದು ಮನೆಗೆ ಹೋಗುತ್ತಾರೆ. ಈ ವರ್ಷ ನಾನು ಮಾತ್ರ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಬಂದೆ.

ನಾನು ಉತ್ಸವಕ್ಕೆ ಉಡುಪು ಹೊಲಿಯುವವಳು. ನಮ್ಮವರು ಬೆಳಕಿನವರು. ಸಭಾಂಗಣದ ಹಿಂಬದಿಯಲ್ಲಿ, ಕಬ್ಬಿಣದ ಏಣಿ ಹತ್ತಿ ಹೋಗಬೇಕಾದ ಒಂದು ಅಟ್ಟವಿದೆ. ಅಲ್ಲಿ ಕುಳಿತು ದೊಡ್ಡ ಲೈಟನ್ನು ಕೈಯಿಂದ ತಿರುಗಿಸುತ್ತಾರೆ. ವೇದಿಕೆಯ ಮೇಲೆ ಯಾರು ಮುಖ್ಯವೋ ಅವರ ಹಿಂದೆ ಆ ದುಂಡನೆಯ ಬೆಳಕು ಹೋಗಬೇಕು. ನಮ್ಮ ಕಸುಬಿನಲ್ಲಿ ಒಂದು ಮಾತಿದೆ: ಬೆಳಕಿನವನ ಮನಸ್ಸು ಎಲ್ಲಿದೆ ಎಂದು ಅವನ ಹೆಂಡತಿ ಕೇಳಬೇಕಾಗಿಲ್ಲ, ವೇದಿಕೆ ನೋಡಿದರೆ ಸಾಕು. ಇದುವರೆಗೂ ಆ ಮಾತಿಗೆ ನಾನೂ ನಗುತ್ತಿದ್ದೆ.

ಈ ಸಲದ ದೊಡ್ಡ ಕಾರ್ಯಕ್ರಮ ಕೆರೆಯ ಹಕ್ಕಿಗಳ ನೃತ್ಯ. ಉಳಿದವರಿಗೆಲ್ಲ ಕಡು ನೀಲಿ, ಒಬ್ಬಳಿಗೆ ಮಾತ್ರ ಬಿಳಿ. ಅವಳೇ ಬೆಳ್ಳಕ್ಕಿ. ಉತ್ಸವ ಮುಗಿಯುವ ಹೊತ್ತಿಗೆ ಅವಳ ಹೆಸರನ್ನೇ ಎಲ್ಲರೂ ಮರೆತು ಬೆಳ್ಳಕ್ಕಿ ಎಂದೇ ಕರೆಯತೊಡಗಿದ್ದರು. ಉದ್ದ ಕುತ್ತಿಗೆ, ತೆಳ್ಳನೆಯ ಕಾಲು, ನಡೆದರೆ ನೆಲಕ್ಕೆ ನೋವಾದೀತೋ ಎಂಬ ನಡಿಗೆ. ಚೆಲುವೆ ಹೌದು, ಸುಳ್ಳು ಹೇಳಿ ನನಗೇನಾಗಬೇಕು? ಅವಳ ಸೊಂಟದ ಅಳತೆ ತೆಗೆದುಕೊಂಡವಳು ನಾನು. ಆ ಟೇಪು ನನ್ನ ಸೊಂಟಕ್ಕೆ ಬಂದರೆ ಮುಕ್ಕಾಲು ದಾರಿಯಲ್ಲೇ ಮುಗಿದುಹೋಗುತ್ತದೆ.

ಹಕ್ಕಿಗಳೆಲ್ಲ ಕೂತ ಮೇಲೆ ಬೆಳಕು ಬೆಳ್ಳಕ್ಕಿಯನ್ನು ಬಿಟ್ಟು, ವೇದಿಕೆಯ ಎಡತುದಿಯಲ್ಲಿ ಕಪ್ಪು ಕೋಟು ಹಾಕಿ ನಿಂತಿದ್ದ ಹಿರಿಯ ಗಾಯಕರ ಮೇಲೆ ಬರಬೇಕಿತ್ತು. ಅಲ್ಲಿಂದ ಹಾಡು ಶುರು. ಪರದೆಯ ಮೇಲೆ ನಾವೆಲ್ಲ ನೋಡಿದ್ದೇನು? ಹಾಡು ಶುರುವಾಯಿತು, ಬೆಳಕು ಕದಲಲಿಲ್ಲ. ಹಿರಿಯರು ಕತ್ತಲೆಯಲ್ಲಿ ಹಾಡುತ್ತಲೇ ಇದ್ದರು. ಬೆಳಕು ಆ ಬಿಳಿ ಲಂಗಕ್ಕೆ ಅಂಟಿಕೊಂಡು ಕೂತಿತ್ತು.

"ನಮ್ಮ ಹಿರಿಯರ ಹಾಡು ಅಶರೀರವಾಣಿ ಆಗೋಯ್ತಲ್ರೀ!" ಎಂದರು ಉತ್ಸವದ ಕಾರ್ಯದರ್ಶಿ. ಕೋಣೆಯೆಲ್ಲ ನಕ್ಕಿತು. ಅಷ್ಟಕ್ಕೇ ಬಿಡುವ ಬಾಯಿಯೇ ಅವರದು? "ಪಾಪ, ಅವರದ್ದೇನು ತಪ್ಪು. ಬೆಳ್ಳಕ್ಕಿ ಮೇಲಿಂದ ಕಣ್ಣು ಕೀಳೋಕಾಗ್ಲಿಲ್ಲ."

ಮತ್ತೆ ನಗು. ಒಂದಿಬ್ಬರು ತಿರುಗಿ ನನ್ನನ್ನು ನೋಡಿದರು. ನಾನೂ ಹಲ್ಲು ಬಿಟ್ಟೆ, ಏನು ಮಾಡುವುದು? ಪ್ರತಿ ವರ್ಷ ನಮ್ಮವರು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದರು. ಈ ವರ್ಷ ಮೊದಲ ಸಾಲಿನಲ್ಲಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದರು. ಪಕ್ಕದಲ್ಲಿ ಯಾರು? ಅವಳೇ. ವಿಡಿಯೋ ಓಡುತ್ತಿದ್ದಷ್ಟು ಹೊತ್ತೂ ಅವರ ಕಿವಿಯ ಹತ್ತಿರ ಬಾಗಿ ಏನೋ ಪಿಸುಗುಡುತ್ತಿದ್ದಳು. ಇವರು ತಲೆಯಾಡಿಸುತ್ತಿದ್ದರು. ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಸಂಸಾರ ಮಾಡಿದ ನನ್ನ ಮಾತಿಗೆ ಅಷ್ಟು ಹೊತ್ತು ಕಿವಿ ಕೊಟ್ಟವರಲ್ಲ ಆ ಮನುಷ್ಯ.

ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಕೇಳಿದೆ. "ಏನ್ರೀ ಅದು, ಬೆಳಕು ಅಲ್ಲೇ ನಿಂತಿದ್ದು?"

"ಕೈ ಜಾರ್ತು ಕಣೇ."

"ಕೈ ಜಾರ್ತೋ, ಮನಸ್ಸು ಜಾರ್ತೋ?"

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಗೋಡೆಗೆ ಕೈಯಿಟ್ಟುಕೊಂಡು ಒಳಗೆ ಹೋಗಿ ಕೂತುಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಇವರು ಹೆಗಲು ಕೂಡ ಮುಟ್ಟಿಕೊಳ್ಳದಷ್ಟು ಪಕ್ಕಾ ಕಳ್ಳ ಎಂದು ತೀರ್ಮಾನಿಸಿದೆ.

ತೀರ್ಮಾನಿಸಲು ನನ್ನ ಹತ್ತಿರ ಬೇರೆ ಸಾಕ್ಷಿಗಳೂ ಇದ್ದವು. ಆ ಲಂಗ ಬಿಳಿಯಾದದ್ದೇ ಇವರಿಂದ. ನೃತ್ಯದ ನಿರ್ದೇಶಕರು ಹೇಳಿದ್ದು ಬೂದಿ ಬಣ್ಣ. ಬಟ್ಟೆ ಕತ್ತರಿಸಬೇಕು ಎನ್ನುವಷ್ಟರಲ್ಲಿ ಇವರು ನನ್ನ ಹೊಲಿಗೆ ಮಿಷನ್ನಿನ ಹತ್ತಿರ ಬಂದು, "ಆ ಹುಡುಗಿಗೆ ಬಿಳಿ ಹೊಲಿ. ನಿರ್ದೇಶಕರಿಗೆ ನಾನು ಹೇಳಿದೀನಿ" ಎಂದರು. ನನ್ನ ಸೀರೆ ಯಾವ ಬಣ್ಣದ್ದು ಎಂದು ಒಂದು ದಿನವೂ ನೋಡದ ಗಂಡಸು! ಮಿಷನ್ನಿನ ಎಣ್ಣೆ ಎದ್ದು ಕಾಣಬಾರದೆಂದು ನಾನು ಯಾವಾಗಲೂ ಉಡುವುದು ಕಂದು, ಕಡು ಹಸಿರು. ಈಚೆಗಂತೂ ಎದುರಿಗೇ ನಿಂತಿದ್ದರೂ "ಎಲ್ಲಿದ್ದೀಯೇ?" ಎಂದು ಕೂಗುತ್ತಾರೆ. ಮೊನ್ನೆ ಸಂಜೆ ತರಕಾರಿ ಚೀಲ ಹಿಡಿದು ಬರುತ್ತಿದ್ದಾಗ ರಸ್ತೆಯಲ್ಲಿ ಎದುರಾದರು. ನಾನು ನಕ್ಕೆ. ಗುರುತೇ ಇಲ್ಲದವರ ಹಾಗೆ ದಾಟಿ ಹೋದರು. ಮನೆಯವಳು ಕಣ್ಣಿಗೆ ಬೀಳುವುದಿಲ್ಲ, ಬೆಳ್ಳಕ್ಕಿ ಮಾತ್ರ ಅಷ್ಟು ದೂರದ ಅಟ್ಟದಿಂದಲೂ ಬೀಳುತ್ತಾಳೆ.

ಉರಿಯುವ ಬೆಂಕಿಗೆ ತುಪ್ಪ ಸುರಿಯಲು ನಾದಿನಿ ಇದ್ದೇ ಇದ್ದಳು. ಪಕ್ಕದ ಮನೆ, ಉತ್ಸವದಲ್ಲಿ ಟಿಕೆಟ್ ಕೊಡುವ ಕೆಲಸ. ವಿಡಿಯೋವನ್ನು ಮೊಬೈಲಿಗೆ ಹಾಕಿಸಿಕೊಂಡು ಬಂದು ನನ್ನ ಇಸ್ತ್ರಿ ಮೇಜಿನ ಮೇಲೆ ಇಟ್ಟಳು.

"ಅತ್ತಿಗೆ, ಇದನ್ನ ನೋಡಿದ್ರಾ? ಜಾಗ ಬಿಡೋ ಮುಂಚೆ ಪ್ರತಿ ಸಲಾನೂ ಬಲಗೈ ಎತ್ತುತ್ತಾಳೆ. ಎತ್ತಿ ಮೇಲೆ ನೋಡ್ತಾಳೆ. ಎಲ್ಲಿಗೆ ಹೇಳಿ? ಅಣ್ಣ ಕೂತಿರೋ ಕಡೆಗೇ."

ನೋಡಿದೆ. ನಿಜ. ಉಳಿದ ಹಕ್ಕಿಗಳಿಗೆ ಆ ಕೈಯಿಲ್ಲ, ಆ ನೋಟವಿಲ್ಲ. ಇವಳು ಕೈ ಎತ್ತುತ್ತಾಳೆ, ಮೇಲೆ ನೋಡುತ್ತಾಳೆ, ಆಮೇಲೆ ಹೊರಡುತ್ತಾಳೆ, ಬೆಳಕು ಸಾಕಿದ ನಾಯಿಯ ಹಾಗೆ ಹಿಂದೆ ಹೋಗುತ್ತದೆ.

"ನನ್ನ ಅಣ್ಣ ಅಂತ ನಾನೇನೂ ವಹಿಸ್ಕೊಂಡು ಬರಲ್ಲಪ್ಪ" ಎಂದಳು ನಾದಿನಿ. "ಆದ್ರೆ ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತಾರೆ. ನೀವೂ ಸ್ವಲ್ಪ ತಾಳ್ಮೆ ತಗೊಳಿ."

ಬೆಂಕಿ ಹಚ್ಚುವವಳೂ ಇವಳೇ, ನೀರಿನ ಬಿಂದಿಗೆ ತೋರಿಸುವವಳೂ ಇವಳೇ. ಅವಳು ಹೋದ ಮೇಲೆ ಅದೇ ತುಣುಕನ್ನು ಮತ್ತೆ ಮತ್ತೆ ನೋಡಿದೆ. ಇಸ್ತ್ರಿಪೆಟ್ಟಿಗೆಯ ಕೆಳಗೆ ಯಾರದೋ ರವಿಕೆ ಸುಟ್ಟು ವಾಸನೆ ಬಂತು. ಸುಡಲಿ ಎಂದುಕೊಂಡೆ.

ಮಾರನೆಯ ದಿನ ಮಧ್ಯಾಹ್ನ ರಂಗಮಂದಿರದಲ್ಲಿ ಸಾಮಾನು ಎತ್ತಿಡುವ ಕೆಲಸವಿತ್ತು. ಇವರು ಲೈಟು ಒರೆಸಿ ಮುಚ್ಚಿಡಲು ಅಟ್ಟಕ್ಕೆ ಹೋದರು. ನಾನು ವೇದಿಕೆಯ ಹಿಂದಿನ ಕೋಣೆಯಲ್ಲಿ ಉಡುಪುಗಳನ್ನು ಮಡಿಸಿ, ನುಸಿಗುಳಿಗೆ ಹಾಕಿ ಟ್ರಂಕಿಗೆ ತುಂಬುತ್ತಿದ್ದೆ. ನೀಲಿಯವೆಲ್ಲ ಮುಗಿದವು. ಕೊನೆಗೆ ಕೈಗೆ ಬಂತು ಆ ಬಿಳಿ ಲಂಗ. ಅವಳ ಪೌಡರಿನ ವಾಸನೆ ಇನ್ನೂ ಹೋಗಿರಲಿಲ್ಲ.

ಏನು ಮನಸ್ಸಿಗೆ ಬಂತೋ, ಕತ್ತರಿ ಕೈಗೆ ತೆಗೆದುಕೊಂಡೆ. ಆದರೆ ಅಂಚಿನ ಹೊಲಿಗೆ ನೋಡಿದೆ. ನನ್ನದೇ ಹೊಲಿಗೆ, ಕೈಯಲ್ಲಿ ಹಾಕಿದ್ದು. ಮನಸ್ಸು ಬರಲಿಲ್ಲ. ಕತ್ತರಿ ಕೆಳಗಿಟ್ಟು, ಸೀರೆಯ ಮೇಲೆಯೇ ಲಂಗ ಸುತ್ತಿಕೊಂಡು, ಲಾಡಿ ಬಿಗಿದೆ. ಕನ್ನಡಿ ನೋಡಿದೆ. ಬೆಳ್ಳಕ್ಕಿಯ ಮಾತು ಹಾಗಿರಲಿ, ಸೊಳ್ಳೆಪರದೆ ಕಟ್ಟಿದ ಮಂಚದ ಹಾಗಿದ್ದೆ. ಇರಲಿ. ಬೆಳಕಿನವನ ಮನಸ್ಸು ಎಲ್ಲಿದೆ ಎಂದು ವೇದಿಕೆಯ ಮೇಲೆಯೇ ನೋಡಿಬಿಡೋಣ ಎಂದು ಹೊರಟೆ.

ಸಭಾಂಗಣದಲ್ಲಿ ಕಿಟಕಿಗಳಿಲ್ಲ, ಹಗಲಲ್ಲೂ ಕತ್ತಲೆ. ವೇದಿಕೆಯ ನಡುವೆ ಬಂದು ನಿಂತೆ. ಅಟ್ಟದಲ್ಲಿ ಏನೋ ಸದ್ದಾಯಿತು. ನನ್ನ ಹೆಜ್ಜೆ ಸದ್ದು ಕೇಳಿಸಿತೇನೋ, ಬೆಳಕು ಹೊತ್ತಿತು. ಮೊದಲು ಪರದೆಯ ಮೇಲೆ, ಆಮೇಲೆ ನೆಲದ ಮೇಲೆ ತಡಕಾಡಿ, ಕಡೆಗೆ ನನ್ನ ಮೇಲೆ ಬಂದು ಕೂತಿತು. ನಾನು ಬಲಕ್ಕೆ ನಡೆದೆ, ಬೆಳಕೂ ಬಂತು. ಎಡಕ್ಕೆ ನಡೆದೆ, ಬಂತು. ಇಷ್ಟು ವರ್ಷ ಆ ಬೆಳಕಿನಲ್ಲಿ ನಿಲ್ಲುವವರಿಗೆಲ್ಲ ಹೊಲಿದು ಕೊಟ್ಟವಳು ನಾನು, ಅದರೊಳಗೆ ಒಂದು ದಿನವೂ ನಿಂತಿರಲಿಲ್ಲ. ಅಷ್ಟೊಂದು ಸಿಟ್ಟಿನಲ್ಲೂ ಒಂದು ಗಳಿಗೆ ಹಿತವಾಯಿತು. ಅವಳ ಹಾಗೆಯೇ ಬಲಗೈ ಎತ್ತಿ ಮೇಲೆ ನೋಡಿದೆ. ಮುಖದ ತುಂಬ ಬೆಳಕು ಬಿದ್ದು ಕಣ್ಣು ಕೋರೈಸಿತು.

"ಬಂದ್ಯಾ ಪುಟ್ಟಿ?" ಎಂದರು ಮೇಲಿನಿಂದ.

ಪುಟ್ಟಿ! ನನ್ನನ್ನು ಯಾವ ಕಾಲದಲ್ಲೂ ಹಾಗೆ ಕರೆದವರಲ್ಲ. ಎತ್ತಿದ ಕೈ ಹಾಗೇ ನಿಂತಿತು.

"ನೀನು ಬಂದಿದ್ದು ಒಳ್ಳೇದಾಯ್ತು. ಮನೇಲಿ ಮಾತಾಡೋಕಾಗಲ್ಲ. ನಮ್ಮವಳಿಗೆ ಇನ್ನೂ ಗೊತ್ತಿಲ್ಲ, ನೀನು ಎಲ್ಲೂ ಬಾಯಿ ಬಿಡಬೇಡ."

ಸಿಕ್ಕಿಬಿದ್ದ ಕಳ್ಳ ತಾನಾಗಿಯೇ ಗಂಟು ಬಿಚ್ಚುತ್ತಿದ್ದ. ಕೈ ಇಳಿಸದೆ ನಿಂತೆ. ಎಲ್ಲವನ್ನೂ ಹೇಳಲಿ, ಆಮೇಲೆ ಇದೆ ಎಂದುಕೊಂಡೆ.

"ಮತ್ತೆ ಡಾಕ್ಟ್ರ ಹತ್ರ ಹೋಗಿದ್ದೆ. ಕಣ್ಣಿನ ನರ ಒಣಗ್ತಾ ಇದೆಯಂತೆ, ಆಪರೇಷನ್‌ಗೆ ಬರೋದಲ್ವಂತೆ. ಬಲಗಣ್ಣು ಹೋದ ಹಾಗೇ. ಎಡಗಣ್ಣಲ್ಲಿ ಬಿಳಿ ಬಿಟ್ರೆ ಈ ಕತ್ತಲೇಲಿ ಏನೂ ಸಿಗಲ್ಲ. ಆ ಹಿರಿಯರ ಕಪ್ಪು ಕೋಟು ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ ನೋಡು. ನೀನು ಕೈ ಎತ್ತಿ ತೋರಿಸ್ತಿದ್ದೆ, ಅದಕ್ಕೇ ನಿನ್ನ ಭಾಗ ಹೇಗೋ ಆಯ್ತು."

ನಾನು ಬೆಳಕಿನ ನಟ್ಟ ನಡುವೆ ನಿಂತಿದ್ದೆ. ನನ್ನ ಮುಖ, ನನ್ನ ದಪ್ಪ ಸೊಂಟ, ಲಂಗದ ಮೇಲೆ ಇಣುಕುತ್ತಿದ್ದ ನನ್ನ ಕಂದು ಸೀರೆ ಎಲ್ಲದರ ಮೇಲೂ ಬೆಳಕಿತ್ತು. ನನ್ನ ಜೊತೆ ಇಷ್ಟು ಕಾಲ ಬಾಳಿದವರು ನನ್ನನ್ನು ಅವಳೆಂದುಕೊಂಡು ಮಾತಾಡುತ್ತಿದ್ದರು.

"ಯಾಕೆ ಪುಟ್ಟಿ, ಮಾತಾಡ್ತಾ ಇಲ್ಲ?"

"ಪುಟ್ಟಿ ಅಲ್ಲ ಕಣ್ರೀ" ಎಂದೆ. "ನಾನು."

ಬೆಳಕು ಅಲುಗಿತು. ನನ್ನ ಮೇಲಿಂದ ಜಾರಿ ಗೋಡೆಗೆ ಹೋಯಿತು.

ಏಣಿ ಹತ್ತಿ ಮೇಲೆ ಹೋದೆ. ಕಡಿದಾದ ಏಣಿ, ಮೆಟ್ಟಿಲುಗಳೆಲ್ಲ ಕಪ್ಪು. ಇದನ್ನು ಈ ಕಣ್ಣಿನಲ್ಲಿ ದಿನಾ ಹತ್ತಿ ಇಳಿದರೇ ಇವರು? ಅವರು ಸ್ಟೂಲಿನ ಮೇಲೆ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಕೂತಿದ್ದರು. ಹೇಳಬೇಕಾದ ಮಾತು ನೂರಿತ್ತು, ನನ್ನ ಬಾಯಿಂದ ಬಂದದ್ದು ಒಂದೇ.

"ಅವಳಿಗೆ ಹೇಳಿದ್ರಿ. ನನಗ್ಯಾಕೆ ಹೇಳ್ಲಿಲ್ಲ?"

"ನಾನು ಹೇಳ್ಲಿಲ್ಲ ಕಣೇ. ರಿಹರ್ಸಲ್‌ನಲ್ಲಿ ಬೆಳಕು ತಡಕಾಡಿದ್ದು ನೋಡಿ ಅವಳೇ ಮೇಲೆ ಬಂದು, ಅಣ್ಣ, ಕಣ್ಣು ಕಾಣ್ತಿಲ್ವಾ ಅಂತ ಕೇಳಿದ್ಳು. ಮೊನ್ನೆ ಮೀಟಿಂಗ್‌ನಲ್ಲೂ ಪರದೆ ಮೇಲೆ ಏನಾಗ್ತಿದೆ ಅಂತ ಅವಳೇ ಹೇಳ್ತಿದ್ಳು. ನಿನಗೆ ಹೇಳಿದ್ರೆ ನೀನು ಅವತ್ತೇ ನನ್ನನ್ನ ಈ ಏಣಿಯಿಂದ ಇಳಿಸ್ತಿದ್ದೆ."

"ಇಳಿಸ್ತಿದ್ದೆ" ಎಂದೆ.

"ಅದಕ್ಕೇ ಹೇಳ್ಲಿಲ್ಲ. ಇದೊಂದು ವರ್ಷ ಮಾಡಿ ಬಿಡೋಣ ಅಂತಿತ್ತು."

ಇಷ್ಟು ದಿನದ ಹೊಟ್ಟೆಕಿಚ್ಚು ಆ ಕ್ಷಣಕ್ಕೆ ಆರಿಹೋಯಿತು ಎಂದರೆ ಕೇಳುವವರಿಗೆ ಚೆನ್ನಾಗಿರುತ್ತದೆ. ಆರಲಿಲ್ಲ. ಇನ್ನೂ ಜೋರಾಗಿ ಹತ್ತಿಕೊಂಡಿತು. ಮನಸ್ಸು ಕದ್ದಿದ್ದರೆ ಕೂದಲು ಹಿಡಿದು ಜಗಳವಾಡಬಹುದಿತ್ತು. ಇವಳು ನನ್ನ ಗಂಡನ ಕಷ್ಟವನ್ನು ನನಗಿಂತ ಮೊದಲು ಕಂಡಿದ್ದಳು. ಅವರು ರಸ್ತೆಯಲ್ಲಿ ದಾಟಿ ಹೋದಾಗ ನಾನು ಮುಖ ಊದಿಸಿಕೊಂಡೆ, ಎಲ್ಲಿದ್ದೀಯೇ ಎಂದು ಕೂಗಿದಾಗ ರೇಗಿದೆ. ಅವಳು ಕಣ್ಣು ಕಾಣ್ತಿಲ್ವಾ ಎಂದು ಕೇಳಿದಳು. ನಾನು ಕೇಳಬೇಕಾದ ಮಾತು ಅದು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ನಮ್ಮ ಮನೆಗೇ ಹೇಳಿದ್ದು.

"ಏಳಿ" ಎಂದೆ. "ಇನ್ನು ಇಲ್ಲಿಗೆ ಹತ್ತೋದು ಬೇಡ. ಕಾರ್ಯದರ್ಶಿಗಳಿಗೆ ನಾನೇ ಹೇಳ್ತೀನಿ."

ಅವರು ಲೈಟಿನ ಬೆನ್ನನ್ನು ಒಮ್ಮೆ ತಟ್ಟಿ, ಸ್ವಿಚ್ಚು ಆರಿಸಿದರು. ಕತ್ತಲಾಯಿತು, ಬಾಗಿಲ ಸಂದಿಯ ಮಬ್ಬು ಬೆಳಕಷ್ಟೇ ಉಳಿಯಿತು. ಏಣಿಯ ಬಾಯಿಗೆ ಬಂದು ಕಾಲು ಇಳಿಬಿಟ್ಟು ತಡಕಾಡುತ್ತಾ ನಿಂತುಬಿಟ್ಟರು.

"ತಾಳಿ" ಎಂದು ನಾನೇ ಮುಂದೆ ಇಳಿದೆ. ಒಂದೊಂದು ಮೆಟ್ಟಿಲಿಗೂ ನಿಂತು, ಲಂಗದ ಅಂಚನ್ನು ಎತ್ತಿ ಅವರು ಕಾಲಿಡಬೇಕಾದ ಮೆಟ್ಟಿಲ ಮೇಲೆ ಹರಡಿದೆ. ಅವರು ಅಂಚು ನೋಡಿಕೊಂಡು ಕಾಲಿಟ್ಟರು. ಒಂದು ಮೆಟ್ಟಿಲಿನಲ್ಲೂ ತಪ್ಪಲಿಲ್ಲ. ಹಾಗೆಯೇ ಕೆಳಗಿನ ತನಕ ಬಂದೆವು.

ನೆಲ ಮುಟ್ಟಿದ ಮೇಲೆ, "ಅವಳ ಲಂಗ ಹಾಳಾಯ್ತೇನೋ" ಎಂದರು.

ಆ ಹೊತ್ತಿನಲ್ಲೂ ಅವಳ ಲಂಗದ ಚಿಂತೆ! ಅವರ ಕೈ ಹಿಡಿದು ವೇದಿಕೆಯ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ನೀಲಿ ಉಡುಪುಗಳ ಟ್ರಂಕಿಗೆ ಬೀಗ ಹಾಕಿದೆ. ಬಿಳಿ ಲಂಗವನ್ನು ಬಿಚ್ಚಲಿಲ್ಲ. ರಸ್ತೆಯಲ್ಲಿ ನಾಲ್ಕು ಜನ ತಿರುಗಿ ನೋಡಿದರೂ ಅದನ್ನು ಸುತ್ತಿಕೊಂಡೇ ಅವರ ಮುಂದೆ ಮುಂದೆ ಮನೆಗೆ ನಡೆದೆ. ಯಾರಾದರೂ ಕೇಳಿದರೆ ಏಣಿಗೆ ಸಿಕ್ಕಿ ಹರಿದುಹೋಯಿತು ಎನ್ನುತ್ತೇನೆ. ಬೆಳ್ಳಕ್ಕಿಗೆ ಬೇಕಿದ್ದರೆ ಮುಂದಿನ ವರ್ಷ ಬೂದಿ ಬಣ್ಣದ್ದು ಹೊಲಿದು ಕೊಡುತ್ತೇನೆ.