ಹಿಂದಿನ ಸೀಟಿನ ಸದ್ದು

ಸ್ಮಶಾನದ ತಿರುವಿನಲ್ಲಿ ಶವಪೆಟ್ಟಿಗೆ ಹೊತ್ತವರು ಎಡಕ್ಕೆ ಹೊರಳಬೇಕಿತ್ತು. ಬಲಕ್ಕೆ ಹೊರಳಿದರು. ಮುಂದೆ ಧೂಪ ಬೀಸುತ್ತ ನಡೆಯುತ್ತಿದ್ದ ಪಾದ್ರಿ ಎಡಕ್ಕೇ ಒಂದಷ್ಟು ದೂರ ಹೋಗಿ, ಬೆನ್ನ ಹಿಂದೆ ಯಾರೂ ಇಲ್ಲವೆಂದು ತಿಳಿದು, ನಿಲುವಂಗಿ ಎತ್ತಿ ಹಿಡಿದು ಓಡಿ ಬಂದರು.

"ಎಲ್ಲಿಗ್ರೋ ಹೊರಟ್ರಿ? ಗುಂಡಿ ತೋಡಿರೋದು ಆ ಕಡೆ!"

"ಗುಂಡಿ ಎಲ್ಲೂ ಓಡಿ ಹೋಗಲ್ಲ ಸ್ವಾಮಿ," ಎಂದ ಮುಂದೆ ಹೆಗಲು ಕೊಟ್ಟಿದ್ದ ಟ್ರಿಫುನ್. "ವಿದಕ್ಕ ಇನ್ನೊಂದ್ಸಲ ಮೈದಾನ ನೋಡ್ಲಿ. ನಾಳೆಯಿಂದ ಅದಕ್ಕೆ ಬೀಗ."

ಪೆಟ್ಟಿಗೆಯಲ್ಲಿದ್ದ ವಿದೋಸಾವಾ, ಎಲ್ಲರ ವಿದಕ್ಕ, ಆ ಮೈದಾನದಲ್ಲಿ ನಲವತ್ತು ವರ್ಷ ಗ್ಲೈಡರ್ ಹಾರಿಸಲು ಕಲಿಸಿದ್ದಳು. ಬನಾತ್ ಸೀಮೆಯ ಟ್ರ್ಯಾಕ್ಟರ್ ಓಡಿಸುವವರು, ಹಂದಿ ಸಾಕುವವರು, ದಾದಿಯರು, ಎಲ್ಲರೂ ಅವಳ ಕೈಯಲ್ಲಿ ಬೈಸಿಕೊಂಡೇ ಆಕಾಶ ಕಂಡವರು. ಯುದ್ಧದ ದಿನಗಳಲ್ಲಿ ಡೀಸೆಲ್ ಸಿಗದಾಗ, ಗ್ಲೈಡರನ್ನು ತಂತಿ ಕಟ್ಟಿ ಮೇಲಕ್ಕೆಳೆಯುವ ಯಂತ್ರಕ್ಕೆ ಟ್ರಿಫುನ್ ಕೈಯಿಂದ ಸೂರ್ಯಕಾಂತಿ ಎಣ್ಣೆ ಹುಯ್ಯಿಸಿದ್ದಳು. ಮೈದಾನವೆಲ್ಲ ಬಾಣಲೆಯ ವಾಸನೆ. ಹಾರಾಟ ಮಾತ್ರ ನಿಲ್ಲಲಿಲ್ಲ. ಐವತ್ತು ದಾಟಿದವರಿಗೆ ಕಲಿಸುವುದು ಬೇಡವೆಂದು ಗ್ಲೈಡರ್ ಕ್ಲಬ್ಬಿನವರು ಹೇಳಿದ ವಾರವೇ, ಬೇಕರಿಯ ಕೊವಿಲ್ಕಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದಳು. ಕೊವಿಲ್ಕಾಳಿಗೆ ಐವತ್ತಾರು. ಗಂಡ ಸತ್ತು ಎರಡು ವರ್ಷವಾಗಿತ್ತು.

ಗೇಟಿನಲ್ಲಿ ಕ್ಲಬ್ಬಿನ ಅಧ್ಯಕ್ಷ ನೆಬೋಯ್ಶಾ ಅಡ್ಡ ನಿಂತಿದ್ದ. ಆ ಹೆಸರಿಗೆ ಹೆದರದವನು ಎಂದರ್ಥ. ಆದರೆ ಮೈದಾನವನ್ನು ಗೋದಾಮು ಕಟ್ಟುವವರು ಕೇಳಿದಾಗ ಮೊದಲು ತಲೆಯಾಡಿಸಿದವನು ಅವನೇ.

"ಸಾವಿನ ಮನೆಯವರು ಅಂತ ಸುಮ್ನಿದೀನಿ. ಇಲ್ಲಿ ಇವತ್ತು ಯಾರೂ ಹಾರೋ ಹಾಗಿಲ್ಲ. ಪೊಲೀಸ್ ಕರೀತೀನಿ."

"ಕರಿ ಮಾರಾಯ. ಆ ಪೊಲೀಸಿಗೂ ವಿದಕ್ಕನೇ ಕಲಿಸಿದ್ದು," ಎಂದ ಟ್ರಿಫುನ್. "ನಾಳೆ ಬೀಗ ಅಂತ ತಾನೇ ನೀನು ಬರೆದು ಅಂಟಿಸಿದ್ದು? ಇವತ್ತು ಇನ್ನೂ ಇವತ್ತೇ. ಪಕ್ಕಕ್ಕೆ ಸರಿ, ಹೆಗಲು ನೋಯ್ತಿದೆ."

ಪೆಟ್ಟಿಗೆ ಎದೆಗೇ ಬಂದಾಗ ನೆಬೋಯ್ಶಾ ಸರಿದ. ಹೆಣವನ್ನು ತಡೆಯುವಷ್ಟು ಧೈರ್ಯ ಯಾರಿಗೂ ಇರುವುದಿಲ್ಲ.

ಗ್ಲೈಡರ್ ಹೊರಡುವ ಜಾಗದಲ್ಲಿ, ಬಿಚ್ಚಿದ ರೆಕ್ಕೆ ಇಡುವ ಮರದ ಸ್ಟ್ಯಾಂಡುಗಳ ಮೇಲೆ ಪೆಟ್ಟಿಗೆ ಇಟ್ಟರು. ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯ ಬಟ್ಟಲು ಕೈಯಿಂದ ಕೈಗೆ ಹೋಯಿತು. ರಾಕಿ ಎಂಬ ಹಣ್ಣಿನ ಸಾರಾಯಿಯ ಮೊದಲ ತೊಟ್ಟು ನೆಲಕ್ಕೆ ಬಿಟ್ಟು, ಸಾವಿನ ರೂಢಿಯಂತೆ ಲೋಟಕ್ಕೆ ಲೋಟ ತಾಕಿಸದೆ ಕುಡಿದರು. ಹೂವಿನ ಬದಲು ಎಲ್ಲರೂ ಪೆಟ್ಟಿಗೆಯ ಮೇಲೆ ಒಂದೊಂದು ಹಿಡಿ ಹುರಿದ ಸೂರ್ಯಕಾಂತಿ ಬೀಜ ಹಾಕಿದರು. ಕೊವಿಲ್ಕಾ ಅರ್ಧ ಹಿಡಿ ಹಾಕಿ, ಉಳಿದದ್ದನ್ನು ಕರಿ ಕೋಟಿನ ಜೇಬಿಗೆ ಇಳಿಸಿದಳು. ನಂತರ ನೇರ ಸ್ವೆತೊಲಿಕ್ ಮೇಷ್ಟ್ರ ಮುಂದೆ ಹೋಗಿ ನಿಂತಳು. ಕ್ಲಬ್ಬಿನಲ್ಲಿ ಇನ್ನು ಉಳಿದಿದ್ದ ಶಿಕ್ಷಕ ಅವರೊಬ್ಬರೇ.

"ಮೇಷ್ಟ್ರೇ, ನನ್ನ ಒಬ್ಬಳನ್ನೇ ಹಾರೋಕೆ ಬಿಡಿ. ಇವತ್ತು ಬಿಡ್ತೀನಿ ಅಂತ ವಿದಕ್ಕ ಮಾತು ಕೊಟ್ಟಿದ್ರು."

"ಮಾತು ಕೊಟ್ಟೋಳು ಮಲಗಿದಾಳೆ." ಮೇಷ್ಟ್ರು ದಪ್ಪ ಬಿಳಿ ಮೀಸೆ ಒರೆಸಿಕೊಂಡರು. "ಹೋದ ವಾರ ನನ್ನ ಜೊತೆ ಹಾರಿದ್ಯಲ್ಲ, ಹೆಂಗಿಳಿಸ್ದೆ? ಚೆಂಡು ಪುಟಿದ ಹಾಗೆ! ಅವಳು ನಿನಗೆ ಕಲಿಸಿರೋದು ಹಾರೋದಲ್ಲ ಕಣಮ್ಮ. ಬೀಜದ ಸದ್ದು ಕೇಳೋದು."

ಕೊವಿಲ್ಕಾಳ ಮುಖ ಕೆಂಪಾಯಿತು. ಮಾತು ನಿಜವಾಗಿತ್ತು, ಅದಕ್ಕೇ ಉರಿಯಿತು.

*

ವಿದೋಸಾವಾ ಹಿಂದಿನ ಸೀಟಿನಲ್ಲಿ ಕುಳಿತು ಸದಾ ಬೀಜ ಕಡಿಯುತ್ತಿದ್ದಳು. ಗ್ಲೈಡರಿಗೆ ಎಂಜಿನ್ ಇಲ್ಲ. ಗಾಳಿಯ ಸುಯ್ಯೆನ್ನುವ ಸದ್ದಿನ ನಡುವೆ ಕಟ್, ಕಟ್ ಎಂದು ಕಿವಿಯ ಹಿಂದೆಯೇ ಕೇಳುತ್ತಿತ್ತು. ಕಡಿಯುವ ಸದ್ದು ಬರುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ. ನಿಂತರೆ ಶಿಷ್ಯನ ಬೆನ್ನು ಬೆವರುತ್ತಿತ್ತು. ಏನು ತಪ್ಪಾಯಿತೆಂದು ಅವನೇ ಹುಡುಕಿ ತಿದ್ದಬೇಕು. ತಿದ್ದಿದರೆ ಸದ್ದು ಮತ್ತೆ ಶುರು.

ಕೊವಿಲ್ಕಾ ಆ ಸದ್ದಿಗೆ ಜೋತುಬಿದ್ದಳು. ಒಮ್ಮೆ ಇಳಿಯುವಾಗ ವಿದೋಸಾವಾ ಬೇಕೆಂದೇ ಕಡಿಯುವುದನ್ನು ನಿಲ್ಲಿಸಿದಾಗ ಕಿರುಚಿಯೇಬಿಟ್ಟಳು.

"ಯಾಕೆ ನಿಲ್ಸಿದ್ರಿ?"

"ಬೀಜ ಮುಗೀತು ಕಣೆ. ನನ್ನ ಜೇಬು ಖಾಲಿಯಾದ್ರೆ ನೀನು ನೆಲಕ್ಕೆ ಬೀಳ್ತೀಯಾ?"

"ಬೀಳ್ತೀನೇನೋ!"

"ಒಲೆ ಮುಂದೆ ರೊಟ್ಟಿ ಬೆಂದಿದೆ ಅಂತ ನಿನಗೆ ಯಾರು ಕಟ್ ಕಟ್ ಅಂತಾರೆ?"

"ಅದು ವಾಸನೇಲೇ ಗೊತ್ತಾಗುತ್ತೆ."

"ಹಾಗಾದ್ರೆ ಇದೂ ಗೊತ್ತಾಗುತ್ತೆ. ಗ್ಲೈಡರ್ ಮೂತಿ ಮೇಲೆತ್ತು!"

ಕೆಳಗಿಳಿದ ಮೇಲೆ ಸ್ವೆತೊಲಿಕ್ ಮೇಷ್ಟ್ರು ಎಲ್ಲರ ಮುಂದೆ ಹೇಳಿದ್ದರು, "ಈ ಬೇಕರಿಯವಳು ಒಬ್ಬಳೇ ಹಾರಿ ಇಳಿದ ದಿನ ನಾನು ಮೀಸೆ ಬೋಳಿಸ್ತೀನಿ."

"ಬ್ಲೇಡು ಮಸೆದಿಟ್ಕೋ," ಎಂದಿದ್ದಳು ವಿದೋಸಾವಾ.

*

"ವಿದಕ್ಕ ಇಲ್ಲ ಅಂತ ನನಗೂ ಗೊತ್ತು ಮೇಷ್ಟ್ರೇ," ಎಂದಳು ಕೊವಿಲ್ಕಾ. ನಿಂತ ಜಾಗದಿಂದ ಕಾಲು ಸರಿಸಲಿಲ್ಲ. "ಆ ಸದ್ದು ಇನ್ನು ಬರಲ್ಲ. ನಾಳೆ ಮೈದಾನವೂ ಇರಲ್ಲ. ನನ್ನ ಮಗ ಅಂತಾನೆ, ಈ ವಯಸ್ಸಲ್ಲಿ ಹುಚ್ಚು ಅಂತ. ಇರ್ಲಿ, ಹುಚ್ಚೇ. ನೀವೇ ಹಿಂದೆ ಕೂತು ಇನ್ನೊಂದ್ಸಲ ನೋಡಿ. ಸರಿ ಇಲ್ದಿದ್ರೆ ಇಳಿಸಿ, ಗುಂಡಿ ಹತ್ರ ಹೋಗೋಣ. ನೋಡದೇನೇ ಬೇಡ ಅನ್ನಬೇಡಿ."

ಮೇಷ್ಟ್ರು ಪೆಟ್ಟಿಗೆಯ ಕಡೆ ನೋಡಿದರು. ನಲವತ್ತು ವರ್ಷ ಜಗಳವಾಡಿದವಳು ಇವತ್ತು ಎದುರು ಮಾತಾಡುತ್ತಿಲ್ಲ ಎಂಬುದೇ ಅವರನ್ನು ಹೆಚ್ಚು ಕಾಡಿದಂತಿತ್ತು.

"ಸತ್ತೂ ಬಿಡಲ್ಲ ಇವಳು," ಎಂದು ಗೊಣಗಿ ಟೋಪಿ ತೆಗೆದು ಪಾದ್ರಿಯ ಕೈಗೆ ಕೊಟ್ಟು ಗ್ಲೈಡರಿನ ಹಿಂದಿನ ಸೀಟಿಗೆ ಹತ್ತಿದರು.

ಟ್ರಿಫುನ್ ತಂತಿ ಎಳೆಯುವ ಯಂತ್ರದ ಕಡೆ ಓಡಿದ. ತಂತಿ ಬಿಗಿಯಾಯಿತು. ಗ್ಲೈಡರ್ ಹುಲ್ಲು ಬಿಟ್ಟು ಎದ್ದು, ಆ ಸೀಮೆಯ ಕೊಶಾವಾ ಗಾಳಿಗೆ ಮೂತಿ ಕೊಟ್ಟು ಏರಿತು. ಕೆಳಗೆ ಕರಿ ಬಟ್ಟೆಯವರೆಲ್ಲ ಕತ್ತೆತ್ತಿ ನಿಂತರು. ಒಂದು ಸುತ್ತು ಹಾಕಿ ಇಳಿಯುವಾಗ ಗಾಳಿ ಒಂದು ರೆಕ್ಕೆಯನ್ನು ಎತ್ತಿ ಒಗೆಯಿತು. ಯಾರೋ "ಅಯ್ಯೋ" ಎಂದರು. ರೆಕ್ಕೆ ಸಮವಾಯಿತು. ಚಕ್ರ ನೆಲಕ್ಕೆ ಜೋರಾಗಿ ತಾಕಿ, ಒಂದೇ ಒಂದು ಸಾರಿ ಪುಟಿದು ನಿಂತಿತು.

ಮೇಷ್ಟ್ರು ಸೊಂಟ ಹಿಡಿದುಕೊಂಡು ಇಳಿದರು. ಕೊವಿಲ್ಕಾ ಮುಂದಿನ ಸೀಟಿನಲ್ಲೇ ಬಿಗಿಯಾಗಿ ಕುಳಿತಿದ್ದಳು, ತಿರುಗಿ ನೋಡಲಿಲ್ಲ.

"ಕೆಟ್ಟದಾಗಿ ಇಳಿಸ್ದೆ," ಎಂದರು.

"ಹೂಂ."

"ಆದ್ರೆ ಗಾಳಿ ಹೊಡೆದಾಗ ನನ್ನ ಕೈ ಗ್ಲೈಡರ್ ತಿರುಗಿಸೋ ಕೋಲಿಗೆ ಹೋಗೋ ಮೊದಲೇ ನಿನ್ನ ಕೈ ಕೆಲಸ ಮಾಡಿತ್ತು."

ಅವರು ಹಿಂದಿನ ಖಾಲಿ ಸೀಟಿಗೆ ಬಗ್ಗಿದರು. ಸೀಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು, ಒಳಗೆ ಮನುಷ್ಯರಿದ್ದಾರೆ ಎಂಬಂತೆ ಕೊಂಡಿ ಹಾಕಿ ಬಿಗಿದರು. ಸಡಿಲ ಬಿಟ್ಟರೆ ಪಟ್ಟಿ ಕೋಲಿಗೆ ಸಿಕ್ಕಿಕೊಳ್ಳುತ್ತದೆ. ಶಿಷ್ಯ ಒಬ್ಬನೇ ಹಾರುವ ದಿನ ಮಾತ್ರ ಮಾಡುವ ಕೆಲಸ ಅದು. ಆ ಕೊಂಡಿಯ ಸದ್ದು ಏನೆಂದು ಅಲ್ಲಿ ನಿಂತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕೊವಿಲ್ಕಾ ಕಣ್ಣು ಮುಚ್ಚಿ ತೆರೆದಳು.

"ಇದು ನಿಯಮಕ್ಕೆ ವಿರುದ್ಧ!" ಎಂದು ಗೇಟಿನಿಂದ ನೆಬೋಯ್ಶಾ ಕೂಗಿದ.

"ಸಹಿ ನಂದು ಕಣೋ, ಹೋದ್ರೆ ನನ್ನ ತಲೆ, ನಿಂದಲ್ಲ," ಎಂದು ಮೇಷ್ಟ್ರು ತಿರುಗಿ ಕೂಗಿದರು. "ಟ್ರಿಫುನ್, ಎಳಿ!"

ಒಬ್ಬರ ಭಾರ ಕಡಿಮೆಯಾದ ಗ್ಲೈಡರ್ ಸರ್ರನೆ ಏರಿತು. ತಂತಿ ಕಳಚಿ ಬಿತ್ತು. ಪೆಟ್ಟಿಗೆಯ ಮೇಲಿದ್ದ ಬೀಜಗಳ ಮೇಲೆ ಅದರ ನೆರಳು ಹಾದು ಹೋಯಿತು. ಪಾದ್ರಿ ಮೇಷ್ಟ್ರ ಟೋಪಿಯನ್ನು ಹಿಚುಕುತ್ತ ನಿಂತಿದ್ದರು. ಗ್ಲೈಡರ್ ತಿರುಗಿತು, ಮತ್ತೆ ತಿರುಗಿತು, ಇಳಿಯತೊಡಗಿತು. ಹಳೇ ಜಾಗದಲ್ಲೇ ಗಾಳಿ ರೆಕ್ಕೆ ಎತ್ತಿತು. ರೆಕ್ಕೆ ತಕ್ಷಣ ಸಮವಾಯಿತು. ಚಕ್ರ ಹುಲ್ಲಿಗೆ ತಾಕಿದ್ದು ಯಾರಿಗೂ ಕೇಳಿಸಲಿಲ್ಲ.

ಅಳುತ್ತಿದ್ದವರು ಅಳುತ್ತಲೇ ಸಾಲಾಗಿ ನಿಂತು ಅಂಗೈ ಉಜ್ಜಿಕೊಂಡರು. ಮೊದಲ ಸಲ ಒಬ್ಬರೇ ಹಾರಿದವರ ಕುಂಡೆಗೆ ಕ್ಲಬ್ಬಿನವರೆಲ್ಲ ಒಂದೊಂದು ಏಟು ಹಾಕಲೇಬೇಕು. ಮುಂದೆ ಸೀಟಿನಲ್ಲಿ ಕುಳಿತಾಗ ಗಾಳಿಯ ಏರಿಳಿತ ತಿಳಿಯುವುದು ಆ ಜಾಗದಿಂದಲೇ ಎಂಬುದು ಅವರ ನಂಬಿಕೆ. ಸಾವಿನ ದಿನವೆಂದು ಅದನ್ನು ಬಿಟ್ಟರೆ ವಿದೋಸಾವಾ ಸುಮ್ಮನಿರುತ್ತಿದ್ದಳೇ?

"ಯಾರ ಹತ್ರ ಆದ್ರೂ ಬ್ಲೇಡಿದ್ರೆ ಹುಡುಕಿಡ್ರೋ," ಎಂದು ಮೇಷ್ಟ್ರು ಕೈ ಎತ್ತಿಕೊಂಡೇ ಮುಂದೆ ಹೋಗಿ ಗಾಜಿನ ಮುಚ್ಚಳ ತೆರೆದರು.

ಎತ್ತಿದ ಕೈ ಹಾಗೇ ನಿಂತಿತು. ಹಿಂದಿನ ಸೀಟಿನಲ್ಲಿ ಪಟ್ಟಿಗಳು ಅವರು ಬಿಗಿದಂತೆಯೇ ಇದ್ದವು. ಮುಂದೆ ಕೊವಿಲ್ಕಾ, ಮಡಿಲ ತುಂಬ ಬೀಜದ ಸಿಪ್ಪೆ. ಒಂದು ಕೆಳತುಟಿಗೆ ಅಂಟಿಕೊಂಡಿತ್ತು, ಇನ್ನೂ ಒದ್ದೆಯಾಗಿ.